ಹಾಶಿಮೋಟೋ, ಪಿಸಿಓಎಸ್ ಇರುವವರು ಊಟ ಬದಲಿಸುವುದು ಹೇಗೆ: ನಮ್ಮ ಅಡುಗೆಮನೆಯಿಂದಲೇ ಶುರು ಮಾಡುವ ಸಮಗ್ರ ಮಾರ್ಗದರ್ಶಿ

ಥೈರಾಯ್ಡ್ ಮಾತ್ರೆ ನುಂಗುತ್ತಾ ವರ್ಷಗಳೇ ಆದವು. ರಿಪೋರ್ಟ್‌ನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ನಾರ್ಮಲ್ ಅಂತಲೇ ಬರುತ್ತದೆ. ಆದರೂ ಮಧ್ಯಾಹ್ನ ಮೂರು ಗಂಟೆಗೆ ಕಣ್ಣು ಎಳೆಯುತ್ತದೆ, ಬಾಚಣಿಗೆ ತುಂಬಾ ಕೂದಲು, ಹೊಟ್ಟೆ ಸದಾ ಉಬ್ಬರ, ಮುಟ್ಟು ಯಾವ ತಿಂಗಳು ಬರುತ್ತದೋ ಗೊತ್ತಿಲ್ಲ. ಈ ಪಾಡು ಪಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಹಾಶಿಮೋಟೋ ಇದೆ, ಅಂದರೆ ಥೈರಾಯ್ಡ್ ಗ್ರಂಥಿಯನ್ನು ಸೋಲಿಸುವ ಕಾಯಿಲೆ. ನನ್ನ ತಂಗಿಗೆ ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಅಂಡಾಶಯದ ತೊಂದರೆ. ನಮ್ಮಿಬ್ಬರ ಅಡುಗೆಮನೆಯಲ್ಲಿ ನಿಧಾನವಾಗಿ ಆದ ಬದಲಾವಣೆ, ಡಾಕ್ಟರು ಮತ್ತು ಡಯಟೀಷಿಯನ್ ಹತ್ತಿರ ಕೇಳಿ ಕೇಳಿ ತಿಳಿದುಕೊಂಡದ್ದು, ಎರಡೂ ಇದರಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಊಟದಿಂದ ಹಾಶಿಮೋಟೋ ವಾಸಿಯಾಗುವುದಿಲ್ಲ. "ಮಾತ್ರೆ ಬಿಡಿಸಿ ಕೊಡ್ತೀವಿ" ಅನ್ನುವ ಯಾರ ಮಾತನ್ನೂ ನಂಬಬೇಡಿ. ಆದರೆ ಮಾತ್ರೆ ಸರಿಯಾಗಿ ಮೈಗೆ ಹತ್ತುವಂತೆ ಮಾಡುವುದು, ಸುಸ್ತು, ಉಬ್ಬರ, ಕೂದಲು ಉದುರುವುದು ಕಡಿಮೆಯಾಗುವಂತೆ ಮಾಡುವುದು ಊಟದಿಂದ ಸಾಧ್ಯ. ಪಿಸಿಓಎಸ್‌ನಲ್ಲಂತೂ ಊಟದ ಪಾಲು ಇನ್ನೂ ದೊಡ್ಡದು. ನಮ್ಮ ಕಡೆ ಆಗುವ ಎಡವಟ್ಟು ಏನೆಂದರೆ ಎಲ್ಲರೂ ಬಿಡುವುದರಿಂದಲೇ ಶುರು ಮಾಡುತ್ತಾರೆ. ಗೋಧಿ ಬಿಡು, ಹಾಲು ಬಿಡು, ಕೋಸು ಬಿಡು, ಅನ್ನ ಬಿಡು. ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ, ಮೊದಲೇ ಕೊರತೆ ಇದ್ದ ಮೈಗೆ ಇನ್ನಷ್ಟು ಕೊರತೆ. ಮೊದಲು ಸೇರಿಸಿ. ಆಮೇಲೆ ಬೇಕಿದ್ದರೆ ಒಂದೊಂದಾಗಿ ತೆಗೆದು ನೋಡಿ. ನಾನು ಹೇಳುವುದೆಲ್ಲ ಈ ಕ್ರಮದಲ್ಲೇ ಇದೆ.

ಒಳಗೆ ಏನಾಗುತ್ತಿದೆ, ಸ್ವಲ್ಪ ತಿಳಿದಿರಲಿ

1912ರಲ್ಲಿ ಹಕಾರು ಹಾಶಿಮೋಟೋ ಅನ್ನುವ ಜಪಾನಿ ಡಾಕ್ಟರು ಈ ಕಾಯಿಲೆಯನ್ನು ಮೊದಲು ವಿವರಿಸಿದರು, ಅದಕ್ಕೇ ಆ ಹೆಸರು. ರೋಗದ ವಿರುದ್ಧ ಹೋರಾಡಬೇಕಾದ ನಮ್ಮದೇ ರಕ್ಷಣಾ ಪಡೆ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿ ಬೀಳುತ್ತದೆ. ಹೀಗೆ ಮೈ ತನ್ನ ಮೇಲೆಯೇ ದಾಳಿ ಮಾಡುವ ಕಾಯಿಲೆಗಳಿಗೆ ಆಟೋಇಮ್ಯೂನ್ ಅನ್ನುತ್ತಾರೆ. ಗ್ರಂಥಿ ನಿಧಾನವಾಗಿ ಸೋಲುತ್ತದೆ, ಹಾರ್ಮೋನ್ ಕಡಿಮೆಯಾಗುತ್ತದೆ. ಆಗ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ "ಇನ್ನೂ ಮಾಡು" ಅಂತ ಒತ್ತಾಯಿಸುವ ಟಿಎಸ್‌ಎಚ್ ಅನ್ನು ಜಾಸ್ತಿ ಮಾಡುತ್ತದೆ. ನಾವು ನುಂಗುವ ಲೆವೊಥೈರಾಕ್ಸಿನ್ ಆ ಕಮ್ಮಿಯಾದ ಹಾರ್ಮೋನನ್ನು ತುಂಬಿಕೊಡುತ್ತದೆ, ಅಷ್ಟೇ. ಒಳಗಿನ ಜಗಳವನ್ನು ನಿಲ್ಲಿಸುವುದಿಲ್ಲ.

ಪಿಸಿಓಎಸ್ ಕತೆ ಬೇರೆ. ಅಲ್ಲಿ ಬಹಳ ಜನರಲ್ಲಿ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೈ ಅದನ್ನು ಇನ್ನೂ ಜಾಸ್ತಿ ಸುರಿಸುತ್ತದೆ. ಆ ಜಾಸ್ತಿ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನ್ ಹೆಚ್ಚು ಮಾಡಿಸುತ್ತದೆ. ಗಲ್ಲದ ಮೇಲೆ ಕೂದಲು, ಮೊಡವೆ, ತಪ್ಪುವ ಮುಟ್ಟು, ಕತ್ತಿನ ಹಿಂದೆ ಕಪ್ಪು ಪಟ್ಟಿ, ಎಲ್ಲದರ ಹಿಂದೆ ಬಹುಮಟ್ಟಿಗೆ ಇದೇ ಇದೆ. ಎರಡೂ ಒಟ್ಟಿಗೆ ಇರುವವರೂ ಕಮ್ಮಿಯೇನಿಲ್ಲ.

ತೂಕದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟೋ ಹೆಣ್ಣುಮಕ್ಕಳು ಇದೇ ಕೊರಗಿನಲ್ಲಿರುತ್ತಾರೆ. ಥೈರಾಯ್ಡ್ ಒಂದರಿಂದಲೇ ಬರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆಜಿ, ಅದರಲ್ಲೂ ಉಪ್ಪು ನೀರಿನ ಭಾಗ ಜಾಸ್ತಿ. ಟಿಎಸ್‌ಎಚ್ ಸರಿಯಿದ್ದೂ 15 ಕೆಜಿ ಏರಿದ್ದರೆ ಬೇರೆ ಕಾರಣವನ್ನೂ ಹುಡುಕಬೇಕು. ಪಿಸಿಓಎಸ್‌ನಲ್ಲಿ ತೂಕ ಜಾಸ್ತಿ ಇರುವವರು 5ರಿಂದ 10 ಪರ್ಸೆಂಟ್ ಇಳಿಸಿದರೂ ಮುಟ್ಟು ಹತೋಟಿಗೆ ಬರುವ ಸಾಧ್ಯತೆ ಚೆನ್ನಾಗಿದೆ. 70 ಕೆಜಿ ಇದ್ದರೆ ಮೂರೂವರೆಯಿಂದ ಏಳು ಕೆಜಿ. ಮದುವೆಗೆ ಮುಂಚಿನ ತೂಕಕ್ಕೆ ಹೋಗಲೇಬೇಕು ಅಂತೇನಿಲ್ಲ.

ಹೆಜ್ಜೆ 1: ಊಟ ಬದಲಿಸುವ ಮೊದಲು ರಕ್ತ ಪರೀಕ್ಷೆ

ಸುಸ್ತು ಅಂದಕೂಡಲೇ ಥೈರಾಯ್ಡ್ ಮೇಲೆ ಹಾಕಿಬಿಡುತ್ತೇವೆ. ಆದರೆ ಅದೇ ಸುಸ್ತು ಕಬ್ಬಿಣ ಕಮ್ಮಿಯಾದರೂ ಬರುತ್ತದೆ, ಬಿ12 ಕಮ್ಮಿಯಾದರೂ ಬರುತ್ತದೆ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ತುಂಬಾ ಸಾಮಾನ್ಯ. ಮೇಲಾಗಿ ಹಾಶಿಮೋಟೋ ಇರುವ ಕೆಲವರಲ್ಲಿ ಹೊಟ್ಟೆಯ ಒಳಪದರದ ಮೇಲೂ ಇದೇ ರೀತಿ ದಾಳಿ ನಡೆದು ಬಿ12 ಹೀರಿಕೊಳ್ಳುವ ಶಕ್ತಿಯೇ ಕುಗ್ಗಿರುತ್ತದೆ. ಪಿಸಿಓಎಸ್‌ಗೆ ಮೆಟ್‌ಫಾರ್ಮಿನ್ (ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ಕೊಡುವ ಮಾತ್ರೆ) ತುಂಬಾ ದಿನದಿಂದ ತೆಗೆದುಕೊಳ್ಳುತ್ತಿದ್ದರೆ ಅದರಿಂದಲೂ ಬಿ12 ಇಳಿಯುತ್ತದೆ. ಇದನ್ನು ಯಾವ ಸೊಪ್ಪೂ ಸರಿ ಮಾಡುವುದಿಲ್ಲ, ಸೊಪ್ಪಿನಲ್ಲಿ ಬಿ12 ಇಲ್ಲ. ಮಾತ್ರೆ ಅಥವಾ ಇಂಜೆಕ್ಷನ್ನೇ ಬೇಕು.

ಡಾಕ್ಟರ ಹತ್ತಿರ ಮಾತಾಡಿ ಇವಿಷ್ಟನ್ನು ಮಾಡಿಸಿ:

- ಟಿಎಸ್‌ಎಚ್, ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್). ಆಂಟಿ ಟಿಪಿಓ (ಥೈರಾಯ್ಡ್ ಮೇಲಿನ ದಾಳಿಯನ್ನು ತೋರಿಸುವ ಆಂಟಿಬಾಡಿ) ಒಂದು ಸಲ ಸಾಕು, ಪ್ರತಿ ಸಲ ದುಡ್ಡು ಕೊಡಬೇಕಿಲ್ಲ.
- ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ.
- ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ), ಕೊಲೆಸ್ಟರಾಲ್. ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಅಂತ.
- ಟಿಟಿಜಿ ಐಜಿಎ, ಜೊತೆಗೆ ಟೋಟಲ್ ಐಜಿಎ. ಇದು ಸೀಲಿಯಾಕ್ ಕಾಯಿಲೆಗೆ.

ಕೊನೆಯದನ್ನು ಯಾರೂ ಬರೆದುಕೊಡುವುದಿಲ್ಲ, ನೀವೇ ಕೇಳಿ. ಸೀಲಿಯಾಕ್ ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ತಿಂದಾಗ ಸಣ್ಣ ಕರುಳೇ ಹಾಳಾಗುವ ಕಾಯಿಲೆ. ಹಾಶಿಮೋಟೋ ಇರುವವರಲ್ಲಿ ಇದು ಬೇರೆಯವರಿಗಿಂತ ಜಾಸ್ತಿ. ಈ ಟೆಸ್ಟ್ ಮಾಡಿಸುವಾಗ ನೀವು ಗೋಧಿ ತಿನ್ನುತ್ತಿರಬೇಕು. ಗೋಧಿ ಬಿಟ್ಟು ತಿಂಗಳುಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತ ಬರಬಹುದು. ಅದಕ್ಕೇ ಇದು ಮೊದಲ ಹೆಜ್ಜೆ.

ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಲ್ಯಾಬ್‌ಗೆ ಹೋಗುವ ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಅದು ಥೈರಾಯ್ಡ್ ರಿಪೋರ್ಟನ್ನೇ ಏರುಪೇರು ಮಾಡುತ್ತದೆ.

ಹೆಜ್ಜೆ 2: ಎರಡು ವಾರ ಏನೂ ಬದಲಿಸದೆ ಬರೆದಿಡಿ

ಒಂದು ನೋಟ್‌ಬುಕ್ ಸಾಕು, ಆ್ಯಪ್ ಬೇಡ. ದಿನಾ ರಾತ್ರಿ ಸುಸ್ತು, ಹೊಟ್ಟೆ ಉಬ್ಬರ, ಕೀಲು ಬಿಗಿತ, ನಿದ್ದೆ, ಇವಕ್ಕೆ ಹತ್ತರಲ್ಲಿ ಎಷ್ಟು ಅಂತ ಅಂಕ ಹಾಕಿ. ಏನು ತಿಂದಿರಿ, ಎಷ್ಟು ಹೊತ್ತಿಗೆ, ಮುಟ್ಟಿನ ದಿನ ಯಾವುದು, ಅದನ್ನೂ ಬರೆಯಿರಿ. ಸೊಂಟದ ಸುತ್ತಳತೆ ಒಂದು ಸಲ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಎಚ್ಚರ ವಹಿಸಬೇಕು ಅನ್ನುತ್ತಾರೆ. ಬರೆದಿಡದೆ ಶುರು ಮಾಡಿದರೆ ಆಮೇಲೆ ಯಾವುದರಿಂದ ಆರಾಮಾಯಿತು ಅಂತ ಗೊತ್ತೇ ಆಗುವುದಿಲ್ಲ.

ಹೆಜ್ಜೆ 3: ಬೆಳಗಿನ ಮಾತ್ರೆ ಮತ್ತು ಫಿಲ್ಟರ್ ಕಾಫಿ

ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ. ಲೆವೊಥೈರಾಕ್ಸಿನ್ ತುಂಬಾ ಸೂಕ್ಷ್ಮದ ಮಾತ್ರೆ. ಅದರ ಪ್ರಮಾಣ ಮೈಕ್ರೋಗ್ರಾಂನಲ್ಲಿರುತ್ತದೆ, ಹೊಟ್ಟೆಯಲ್ಲಿ ಬೇರೆ ಏನಾದರೂ ಇದ್ದರೆ ಅರ್ಧಂಬರ್ಧ ಮಾತ್ರ ರಕ್ತಕ್ಕೆ ಸೇರುತ್ತದೆ. ನಮ್ಮ ಮನೆಗಳಲ್ಲಿ ಬೆಳಗ್ಗೆ ಎದ್ದವರು ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ಕಾಫಿ ಲೋಟ ಹಿಡಿದಿರುತ್ತಾರೆ. ಕಾಫಿಯೂ ಅಡ್ಡಿ, ಅದರಲ್ಲಿರುವ ಹಾಲಿನ ಕ್ಯಾಲ್ಸಿಯಂ ಕೂಡ ಅಡ್ಡಿ.

ಏಳುತ್ತಿದ್ದಂತೆ ಬರೀ ನೀರಿನಲ್ಲಿ ಮಾತ್ರೆ ನುಂಗಿ. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ಬೇಡ. ಸ್ನಾನ, ಪೂಜೆ, ಬಾಗಿಲಿಗೆ ನೀರು, ರಂಗೋಲಿ, ಮಕ್ಕಳ ಡಬ್ಬಿ, ಅಷ್ಟರಲ್ಲಿ ಗಂಟೆ ಕಳೆದಿರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಡುವೆ ನಾಲ್ಕು ಗಂಟೆ ಅಂತರ ಇರಲಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಗಾಗಿ ಮಾತ್ರೆ ನುಂಗಿದ ತಕ್ಷಣ ರಾಗಿ ಗಂಜಿ, ಹಾಲು ಹಾಕಿದ ರಾಗಿ ಮಾಲ್ಟ್ ಬೇಡ. ಸೋಯಾ ಕೂಡ ದೂರ ಇರಲಿ.

ಬೆಳಗ್ಗೆ ಕಾಫಿ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ಡಾಕ್ಟರನ್ನು ಕೇಳಿ ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದು. ಆದರೆ ಊಟ ಮುಗಿದು ಮೂರು ಗಂಟೆ ಆಗಿರಬೇಕು. ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುವ ಮನೆಯಲ್ಲಿ ಇದು ನಡೆಯುವುದಿಲ್ಲ. ಬ್ರ್ಯಾಂಡ್ ಪದೇ ಪದೇ ಬದಲಿಸಬೇಡಿ. ಥೈರೋನಾರ್ಮ್ ಇದ್ದರೆ ಥೈರೋನಾರ್ಮ್, ಎಲ್ಟ್ರಾಕ್ಸಿನ್ ಇದ್ದರೆ ಎಲ್ಟ್ರಾಕ್ಸಿನ್. ಅಡುಗೆಮನೆಯ ಹಬೆ, ಬಿಸಿ ತಾಗುವ ಜಾಗದಲ್ಲಿ ಬಾಟಲಿ ಇಡಬೇಡಿ.

ಹೆಜ್ಜೆ 4: ಬೇಳೆ, ಕಾಳು, ಮೊಟ್ಟೆ, ಮೀನು. ಅಂದರೆ ಪ್ರೋಟೀನ್

ನನ್ನ ಪ್ರಕಾರ ಇಡೀ ಬದಲಾವಣೆಯ ತಿರುಳು ಇದೇ.

"ನಾವು ದಿನಾ ಬೇಳೆ ಸಾರು ತಿಂತೀವಲ್ವಾ" ಅನ್ನುತ್ತಾರೆ. ಒಂದು ದಿನ ಅಳೆದು ನೋಡಿ. ನಾಲ್ಕು ಜನರ ಮನೆಯಲ್ಲಿ ಮಧ್ಯಾಹ್ನ ರಾತ್ರಿ ಎರಡು ಹೊತ್ತಿಗೂ ಸೇರಿ ಕುಕ್ಕರಿಗೆ ಹಾಕುವ ತೊಗರಿಬೇಳೆ ಒಂದು ಸಣ್ಣ ಲೋಟ, ಸುಮಾರು 100 ಗ್ರಾಂ. ಅದರಲ್ಲಿರುವ ಪ್ರೋಟೀನ್ 22 ಗ್ರಾಂ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ಐದೂವರೆ ಗ್ರಾಂ, ಅದೂ ಇಡೀ ದಿನಕ್ಕೆ. ತಿಳಿಸಾರು ಬಡಿಸಿಕೊಳ್ಳುವವರಿಗೆ ಅಷ್ಟೂ ಸಿಗುವುದಿಲ್ಲ, ಬೇಳೆ ತಳದಲ್ಲೇ ಉಳಿದಿರುತ್ತದೆ. ಕೊನೆಗೆ ಉಣ್ಣುವ ಅಮ್ಮನಿಗೋ ಸೊಸೆಗೋ ಅನ್ನ ಜಾಸ್ತಿ, ಸಾರು ಕಮ್ಮಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವುದು ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. 60 ಕೆಜಿ ಇರುವ ಹೆಂಗಸಿಗೆ 50 ಗ್ರಾಂ. ಐದೂವರೆ ಎಲ್ಲಿ, ಐವತ್ತು ಎಲ್ಲಿ! ಅಕ್ಕಿ, ರಾಗಿಯಿಂದ ಸ್ವಲ್ಪ ಬರುತ್ತದೆ ನಿಜ, ಆದರೆ ಸಾಲುವುದಿಲ್ಲ.

ಸಾಕಷ್ಟು ಪ್ರೋಟೀನ್ ಸಿಕ್ಕರೆ ಊಟವಾದ ಎರಡೇ ಗಂಟೆಗೆ ಬಿಸ್ಕೆಟ್ ಡಬ್ಬಿ ಕಡೆ ಕೈ ಹೋಗುವುದಿಲ್ಲ, ಸಕ್ಕರೆ ಸರ್ರನೆ ಏರುವುದಿಲ್ಲ, ಮಾಂಸಖಂಡ ಉಳಿಯುತ್ತದೆ. ಪಿಸಿಓಎಸ್ ಇರುವವರಿಗೆ ಇದು ಬಹಳ ಮುಖ್ಯ.

ಒಂದು ದಿನದ ಲೆಕ್ಕ ಹೀಗೆ ಬರುತ್ತದೆ ನೋಡಿ. ಬೆಳಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, 11 ಗ್ರಾಂ. ಮಧ್ಯಾಹ್ನ ಒಂದು ಮುದ್ದೆ, ಅದಕ್ಕೆ 40 ಗ್ರಾಂ ಹುರುಳಿಕಾಳಿನ ಬಸ್ಸಾರು, ಬಸಿದ ಕಾಳು ಸೊಪ್ಪಿನ ಪಲ್ಯವನ್ನೂ ಬಿಡದೆ ತಿನ್ನಬೇಕು, 14 ಗ್ರಾಂ. ಒಂದು ಬಟ್ಟಲು ಮೊಸರು, ನಾಲ್ಕು. ಸಂಜೆ ಒಂದು ಹಿಡಿ ಹುರಿದ ಶೇಂಗಾ, ಏಳು. ರಾತ್ರಿ ಎರಡು ಜೋಳದ ರೊಟ್ಟಿಯ ಜೊತೆ ಎರಡು ಮೊಟ್ಟೆ ಅಥವಾ 60 ಗ್ರಾಂ ಪನೀರ್, ಅಲ್ಲಿಗೆ ಹತ್ತಿರ ಹತ್ತಿರ 20. ಒಟ್ಟು 55 ದಾಟಿತು. ಪ್ರೋಟೀನ್ ಪೌಡರ್ ಡಬ್ಬಿ ಬೇಕಾಗಲಿಲ್ಲ, ಅಲ್ವಾ?

ಕಾಳು ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬುತ್ತದೆ ಅನ್ನುವವರು ನಿಧಾನಕ್ಕೆ ಹೋಗಿ. ಹೆಸರುಕಾಳಿನಿಂದ ಶುರು ಮಾಡಿ, ಅದು ಹಗುರ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಆಮೇಲೆ ಚೆನ್ನಾಗಿ ಬೇಯಿಸಿ. ಹಸಿ ಮೊಳಕೆ ಬೇಡ. ಜೀರಿಗೆ, ಶುಂಠಿ, ಇಂಗು ಹಾಕಿ. ವಾರಕ್ಕೆ ಒಂದು ಹಿಡಿಯಂತೆ ಹೆಚ್ಚಿಸುತ್ತಾ ಹೋದರೆ ಕರುಳು ಒಗ್ಗಿಕೊಳ್ಳುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಕರಾವಳಿಯವರಿಗೆ ಇನ್ನೊಂದು ಅನುಕೂಲ ಇದೆ. ಬಂಗುಡೆ, ಬೂತಾಯಿಯಲ್ಲಿ ಪ್ರೋಟೀನ್ ಜೊತೆ ಒಮೆಗಾ 3 ಕೊಬ್ಬು ಚೆನ್ನಾಗಿದೆ. ರುಮಟಾಯ್ಡ್ ಆರ್ಥ್ರೈಟಿಸ್‌ನಂಥ ಕೀಲುನೋವಿನ ಆಟೋಇಮ್ಯೂನ್ ಕಾಯಿಲೆಗಳಲ್ಲಿ ಒಮೆಗಾ 3ಯಿಂದ ನೋವು, ಬಿಗಿತ ಸ್ವಲ್ಪ ಕಮ್ಮಿಯಾಗುತ್ತದೆ. ವಾರಕ್ಕೆ ಎರಡು ಸಲ ಪುಳಿಮುಂಚಿ ಮಾಡಿ, ಫ್ರೈ ಕಮ್ಮಿ ಮಾಡಿ. ಮೀನು ತಿನ್ನದವರಿಗೆ ಅಗಸೆ ಚಟ್ನಿಪುಡಿ ಇದೆ, ಮೀನಿನಷ್ಟು ಪರಿಣಾಮ ಇಲ್ಲದಿದ್ದರೂ ನಾರು ಒಳ್ಳೆಯದು.

ಹೆಜ್ಜೆ 5: ತಟ್ಟೆಯಲ್ಲಿ ಅನ್ನದ ಗುಡ್ಡ ಇಳಿಸಿ

ಅನ್ನ ಬಿಡಬೇಡಿ. ಅನ್ನ ಇಡುವ ಕ್ರಮ ಬದಲಿಸಿ. ಎಲೆಯಲ್ಲಿ ಬಡಿಸುವಾಗ ಮೊದಲು ಕೋಸಂಬರಿ, ಪಲ್ಯ ಬರುತ್ತದೆ, ಅನ್ನ ಆಮೇಲೆ. ಮನೆಯಲ್ಲಿ ನಾವು ಆ ಕೋಸಂಬರಿಯನ್ನು ಹಬ್ಬಕ್ಕೆ ಮಾತ್ರ ಮಾಡುತ್ತೇವೆ. ದಿನಾ ಮಾಡಿ. ತರಕಾರಿ, ಕಾಳು ಮೊದಲು ತಿಂದು ಅನ್ನ ಆಮೇಲೆ ತಿಂದರೆ ಅದೇ ಊಟಕ್ಕೆ ಸಕ್ಕರೆ ಏರುವುದು ಕಮ್ಮಿಯಾಗುತ್ತದೆ. ತಟ್ಟೆಯ ಅರ್ಧ ತರಕಾರಿ ಸೊಪ್ಪು, ಕಾಲು ಭಾಗ ಕಾಳು, ಮೊಟ್ಟೆ, ಮೀನು, ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ರೊಟ್ಟಿಯೋ. ದಿನಕ್ಕೆ 400 ಗ್ರಾಂ ತರಕಾರಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೇಳಿದೆ. ಒಬ್ಬರಿಗೆ 400 ಗ್ರಾಂ! ನಾಲ್ಕು ಬೀನ್ಸ್ ಕತ್ತರಿಸಿ ಸಾಂಬಾರಿಗೆ ಹಾಕಿದರೆ ಅದು ತುಂಬುವುದಿಲ್ಲ. ದಂಟು, ಹರಿವೆ, ಮೆಂತ್ಯ, ಬಸಳೆ, ನುಗ್ಗೆಸೊಪ್ಪು, ಯಾವುದಾದರೊಂದು ಸೊಪ್ಪು ದಿನಾ ಇರಲಿ. ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಅದೇ ಕಬ್ಬಿಣ ಹತ್ತುವುದಿಲ್ಲ. ಫೆರಿಟಿನ್ ಕಮ್ಮಿ ಇರುವವರು, ಕೂದಲು ಉದುರುವವರು ಊಟವಾಗಿ ಒಂದು ಗಂಟೆ ಬಿಟ್ಟು ಕುಡಿಯಿರಿ.

ಉತ್ತರ ಕರ್ನಾಟಕದ ಊಟದ ತಟ್ಟೆ ನನಗೆ ತುಂಬಾ ಇಷ್ಟ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆ, ಈರುಳ್ಳಿ, ಗುರೆಳ್ಳು ಚಟ್ನಿ, ಶೇಂಗಾ ಹಿಂಡಿ, ಕೆನೆ ಮೊಸರು. ಬೆಂಗಳೂರಲ್ಲಿ ಕೂತು ದುಡ್ಡು ಕೊಟ್ಟು ಡಯಟ್ ಪ್ಲಾನ್ ತರಿಸಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ರಾಗಿ, ಸಿರಿಧಾನ್ಯದ ಬಗ್ಗೆ ಒಂದು ಮಾತು. ನವಣೆ, ಸಾಮೆ, ಹಾರಕ ಒಳ್ಳೆಯವೇ, ನಾರು ಜಾಸ್ತಿ. ಆದರೆ ಸಿರಿಧಾನ್ಯ ಅಂದಮಾತ್ರಕ್ಕೆ ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಅನ್ನುವುದು ಸುಳ್ಳು. ನುಣ್ಣಗೆ ಬೀಸಿದ ರಾಗಿ ಹಿಟ್ಟಿಗೆ ಬೆಲ್ಲ ಹಾಕಿ ಕುಡಿದ ಮಾಲ್ಟ್ ಬೇಗ ಸಕ್ಕರೆ ಏರಿಸುತ್ತದೆ. ಪಾಲಿಷ್ ಮಾಡಿದ ಬಿಳಿ ನವಣೆಯೂ ಬಿಳಿ ಅಕ್ಕಿಯ ದಾರಿಯೇ. ಅಳತೆ ಇದಕ್ಕೂ ಅನ್ವಯಿಸುತ್ತದೆ. ಸಜ್ಜೆಯಲ್ಲಿ ಥೈರಾಯ್ಡ್ ಕೆಲಸಕ್ಕೆ ಅಡ್ಡಿಯಾಗುವ ಅಂಶ ಇದೆ, ಆದ್ದರಿಂದ ಹಾಶಿಮೋಟೋ ಇರುವವರು ದಿನಾ ಮೂರು ಹೊತ್ತೂ ಸಜ್ಜೆಯನ್ನೇ ತಿನ್ನಬೇಡಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸಂಕ್ರಾಂತಿಗೆ ತಿಂದರೆ ಏನೂ ಆಗುವುದಿಲ್ಲ.

ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆಯಿರಿ. ತಾರಸಿ ಮೇಲಾದರೂ ಸರಿ. ಇನ್ಸುಲಿನ್ ಮೇಲಿನ ಒತ್ತಡ ಇಳಿಸಲು ಇದಕ್ಕಿಂತ ಸುಲಭದ್ದು ನನಗೆ ಗೊತ್ತಿಲ್ಲ. ಪಿಸಿಓಎಸ್‌ಗೆ ಕೀಟೋ (ಅನ್ನ, ರೊಟ್ಟಿ ತೀರಾ ಕಮ್ಮಿ ಮಾಡಿ ಕೊಬ್ಬು ಜಾಸ್ತಿ ತಿನ್ನುವ ಡಯಟ್) ಒಳ್ಳೆಯದೋ, ಉಪವಾಸ ಒಳ್ಳೆಯದೋ ಅಂತ ಜಗಳ ಆಡುವವರಿಗೆ 2023ರ ಅಂತರರಾಷ್ಟ್ರೀಯ ಪಿಸಿಓಎಸ್ ಮಾರ್ಗಸೂಚಿಯ ಉತ್ತರ ಸರಳ: ಯಾವ ಒಂದು ಡಯಟ್ಟೂ ಇನ್ನೊಂದಕ್ಕಿಂತ ಮೇಲು ಅಂತ ಸಾಬೀತಾಗಿಲ್ಲ. ವರ್ಷಗಟ್ಟಲೆ ನಡೆಸಿಕೊಂಡು ಹೋಗಬಹುದಾದ ಒಳ್ಳೆಯ ಊಟ ಯಾವುದೋ ಅದನ್ನೇ ಹಿಡಿಯಿರಿ.

ಹೆಜ್ಜೆ 6: ಉಪ್ಪು ಮತ್ತು ಕೋಸು

ಇತ್ತೀಚೆಗೆ ಎಲ್ಲರ ಮನೆಯಲ್ಲೂ ಗುಲಾಬಿ ಬಣ್ಣದ ಸೈಂಧವ ಉಪ್ಪು. ಅದರಲ್ಲಿ ಅಯೋಡಿನ್ ಸೇರಿಸಿರುವುದಿಲ್ಲ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಅಯೋಡಿನ್ ಬೇಕು, ಗರ್ಭಿಣಿಯರಿಗೆ 250. ನಮ್ಮ ದೇಶದಲ್ಲಿ ಅಯೋಡೈಸ್ಡ್ ಉಪ್ಪು ಮನೆ ತಲುಪುವಾಗ ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕು ಅಂತ ನಿಯಮ ಇದೆ. ಅಡುಗೆಗೆ ಇದನ್ನೇ ಬಳಸಿ. ಹಾಲು, ಮೊಟ್ಟೆ, ಸಮುದ್ರದ ಮೀನಿನಿಂದಲೂ ಸ್ವಲ್ಪ ಸಿಗುತ್ತದೆ. ಹೊರದೇಶದಲ್ಲಿರುವವರು ಉಪ್ಪಿನ ಪ್ಯಾಕೆಟ್ ಓದಿ ಕೊಳ್ಳಿ. ಅಮೆರಿಕದ ಅಂಗಡಿಯಲ್ಲಿ ಅಯೋಡಿನ್ ಇರುವುದು, ಇಲ್ಲದಿರುವುದು ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ.

ಹಾಗಂತ ಅಯೋಡಿನ್ ಮಾತ್ರೆ, ಸಮುದ್ರ ಪಾಚಿಯ ಕ್ಯಾಪ್ಸೂಲ್ ನುಂಗಬೇಡಿ. ಹಾಶಿಮೋಟೋದಲ್ಲಿ ಅತಿಯಾದ ಅಯೋಡಿನ್ ದಾಳಿಯನ್ನು ಇನ್ನೂ ಜೋರು ಮಾಡಬಲ್ಲದು.

ಎಲೆಕೋಸು, ಹೂಕೋಸು, ಮೂಲಂಗಿ ತಿನ್ನಬಾರದಾ ಅಂತ ಎಲ್ಲರೂ ಕೇಳುತ್ತಾರೆ. ತಿನ್ನಬಹುದು, ಬೇಯಿಸಿ ತಿನ್ನಿ. ಬೇಯಿಸಿದಾಗ ತೊಂದರೆ ಕೊಡುವ ಅಂಶ ಬಹಳಷ್ಟು ಇಳಿಯುತ್ತದೆ. ಮೊದಲೇ ಮಾತ್ರೆ ತೆಗೆದುಕೊಳ್ಳುತ್ತಾ ಅಯೋಡಿನ್ ಉಪ್ಪು ತಿನ್ನುವವರಿಗೆ ವಾರಕ್ಕೆರಡು ದಿನ ಕೋಸಿನ ಪಲ್ಯದಿಂದ ಏನೂ ಆಗುವುದಿಲ್ಲ. ಹಸಿ ಕೋಸಿನ ರಸವನ್ನು ಮಾತ್ರ ದಿನಾ ಕುಡಿಯಬೇಡಿ.

ಹೆಜ್ಜೆ 7: ಈಗ ಒಂದನ್ನು ತೆಗೆದು ನೋಡಿ

ಮೇಲಿನದ್ದೆಲ್ಲ ಎರಡು ಮೂರು ತಿಂಗಳು ನಡೆಸಿದ ಮೇಲೂ ಉಬ್ಬರ, ಸುಸ್ತು, ಕೀಲುನೋವು ಹಾಗೇ ಇದ್ದರೆ ಮಾತ್ರ ಇಲ್ಲಿಗೆ ಬನ್ನಿ.

ಸೀಲಿಯಾಕ್ ಟೆಸ್ಟ್ ಪಾಸಿಟಿವ್ ಬಂದಿದ್ದರೆ ಇದು ಆಯ್ಕೆಯ ಮಾತಲ್ಲ. ಗ್ಯಾಸ್ಟ್ರೋಎಂಟರಾಲಜಿಸ್ಟ್ ಖಚಿತಪಡಿಸಿದ ಮೇಲೆ ಜೀವನಪೂರ್ತಿ ಗ್ಲುಟೆನ್ ಬಿಡಬೇಕು. ನೆಗೆಟಿವ್ ಬಂದವರಲ್ಲಿ ಗೋಧಿ ಬಿಟ್ಟರೆ ಹಾಶಿಮೋಟೋ ಕಮ್ಮಿಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆದರೂ ಕೆಲವರಿಗೆ ಹೊಟ್ಟೆ ಹಗುರಾಗುತ್ತದೆ. ಎಂಟು ವಾರ ಬಿಟ್ಟು ನೋಡುವುದರಿಂದ ನಷ್ಟವಿಲ್ಲ, ಅದರಲ್ಲೂ ಅಕ್ಕಿ, ರಾಗಿ, ಜೋಳ ಉಣ್ಣುವ ನಮಗೆ. ಚಪಾತಿ, ಪೂರಿ, ರವೆ ಉಪ್ಪಿಟ್ಟು, ರವೆ ಇಡ್ಲಿ, ಶ್ಯಾವಿಗೆ, ಬ್ರೆಡ್ಡು, ಬೇಕರಿ ತಿಂಡಿ ಹೋಗುತ್ತದೆ. ಕಣ್ಣಿಗೆ ಕಾಣದ ಗೋಧಿಯೂ ಇದೆ. ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ಓದಿ, ಬಹಳಷ್ಟರಲ್ಲಿ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುತ್ತಾರೆ. ಅದೇ ಇಂಗು ಸಾಂಬಾರ್ ಪುಡಿಯಲ್ಲಿ, ಉಪ್ಪಿನಕಾಯಿಯಲ್ಲಿ, ಒಗ್ಗರಣೆಯಲ್ಲಿ ಇರುತ್ತದೆ. ಸೀಲಿಯಾಕ್ ಇರುವವರು ಗೋಧಿ ಬೆರೆಸದ ಇಂಗನ್ನೇ ಹುಡುಕಬೇಕು. ಹಾರ್ಲಿಕ್ಸ್‌ನಲ್ಲಿ ಗೋಧಿ, ಬಾರ್ಲಿ ಎರಡೂ ಇವೆ. ಕೋಡುಬಳೆ, ನಿಪ್ಪಟ್ಟಿಗೆ ಚಿರೋಟಿ ರವೆ, ಮೈದಾ ಹಾಕುತ್ತಾರೆ. ಸೋಯಾ ಸಾಸ್‌ನಲ್ಲೂ ಗೋಧಿ ಇರುತ್ತದೆ.

ಎಂಟು ವಾರದ ನಂತರ ನೋಟ್‌ಬುಕ್ ತೆರೆದು ಅಂಕ ಹೋಲಿಸಿ. ಆಮೇಲೆ ಮೂರು ದಿನ ಎರಡು ಹೊತ್ತು ಚಪಾತಿ ತಿಂದು ನೋಡಿ. ಏನೂ ವ್ಯತ್ಯಾಸ ಇಲ್ಲದಿದ್ದರೆ ಗೋಧಿ ನಿಮ್ಮ ಶತ್ರು ಅಲ್ಲ, ಆರಾಮಾಗಿ ತಿನ್ನಿ.

ಹಾಲಿನದ್ದೂ ಇದೇ ಕ್ರಮ. ಹಾಲು ಕುಡಿದರೆ ಗುಡುಗುಡು, ಭೇದಿ ಆಗುವವರಿಗೆ ಹಾಲಿನಲ್ಲಿರುವ ಸಕ್ಕರೆ, ಲ್ಯಾಕ್ಟೋಸ್, ಒಗ್ಗದೆ ಇರಬಹುದು. ಅಂಥವರಿಗೆ ಮೊಸರು, ಮಜ್ಜಿಗೆ ಬಹಳ ಸಲ ಒಗ್ಗುತ್ತದೆ. ಒಂದೆಲಗದ ತಂಬುಳಿ ಮಾಡಿ ನೋಡಿ. ಗೋಧಿ ಮತ್ತು ಹಾಲನ್ನು ಒಟ್ಟಿಗೆ ಬಿಡಬೇಡಿ, ಯಾವುದರಿಂದ ಆರಾಮಾಯಿತು ಅಂತ ತಿಳಿಯುವುದಿಲ್ಲ.

ಎಐಪಿ ಅಂತ ಒಂದು ಡಯಟ್ ಇದೆ, ಆಟೋಇಮ್ಯೂನ್ ಪ್ರೋಟೋಕಾಲ್. ಧಾನ್ಯ, ಬೇಳೆಕಾಳು, ಹಾಲು, ಮೊಟ್ಟೆ, ಬೀಜಗಳು, ಕಾಫಿ, ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ, ಎಲ್ಲ ಬಿಡಬೇಕು. ಹಾಶಿಮೋಟೋ ಇದ್ದ 17 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ 10 ವಾರದ ಸಣ್ಣ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಿಗೆ ಆರಾಮ ಅನ್ನಿಸಿತು, ಉರಿಯೂತದ ಒಂದು ಅಳತೆ ಇಳಿಯಿತು. ಆದರೆ ಥೈರಾಯ್ಡ್ ಹಾರ್ಮೋನ್, ಆಂಟಿಬಾಡಿಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಹೋಲಿಸಿ ನೋಡಲು ಡಯಟ್ ಮಾಡದ ಇನ್ನೊಂದು ಗುಂಪೂ ಇರಲಿಲ್ಲ. ಮಾಂಸ ತಿನ್ನುವವರಿಗೇ ಇದು ಕಷ್ಟ. ಸಸ್ಯಾಹಾರಿಯೊಬ್ಬರು ಇದನ್ನು ಮಾಡಲು ಹೋದರೆ ಬೇಳೆಯೂ ಇಲ್ಲ, ಮೊಸರೂ ಇಲ್ಲ, ಪ್ರೋಟೀನ್ ಬರುವ ಎಲ್ಲ ಬಾಗಿಲೂ ಮುಚ್ಚುತ್ತದೆ. ಡಯಟೀಷಿಯನ್ ಜೊತೆಗಿಲ್ಲದೆ ದಯವಿಟ್ಟು ಇದಕ್ಕೆ ಕೈ ಹಾಕಬೇಡಿ.

ಹೆಜ್ಜೆ 8: ಪುಡಿ, ಕ್ಯಾಪ್ಸೂಲ್, ಕಷಾಯ

ಬಿ12, ಡಿ, ಕಬ್ಬಿಣ ಕಮ್ಮಿ ಅಂತ ರಿಪೋರ್ಟ್ ಹೇಳಿದರೆ ಡಾಕ್ಟರು ಬರೆದ ಅಳತೆಯಲ್ಲಿ ತೆಗೆದುಕೊಳ್ಳಿ. ಸೆಲೆನಿಯಂ ಮಾತ್ರೆಯಿಂದ ಕೆಲವು ಅಧ್ಯಯನಗಳಲ್ಲಿ ಆಂಟಿಬಾಡಿ ಇಳಿದಿದೆ, ಆದರೆ ಅದರಿಂದ ರೋಗಿಗೆ ಆರಾಮಾಯಿತು ಅನ್ನುವುದು ಸ್ಪಷ್ಟವಾಗಿಲ್ಲ. ಜಾಸ್ತಿಯಾದರೆ ಅದೇ ಕೂದಲು ಉದುರಿಸುತ್ತದೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಲಿವರಿಗೆ ಪೆಟ್ಟಾದ ಉದಾಹರಣೆಗಳೂ ಇವೆ. ಅಡುಗೆಗೆ ಹಾಕುವ ಅರಿಶಿನ ಸರಿ, ಕ್ಯಾಪ್ಸೂಲಿನಲ್ಲಿ ಬರುವ ಗಟ್ಟಿ ಅರಿಶಿನದ ಸಾರ ಬೇರೆ. ಏನೇ ತೆಗೆದುಕೊಂಡರೂ ಡಾಕ್ಟರಿಗೆ ಹೇಳಿ, ಮುಚ್ಚಿಡಬೇಡಿ.

ವ್ರತ, ಮದುವೆ, ಅತ್ತೆ ಮನೆ

ಏಕಾದಶಿ, ಶಿವರಾತ್ರಿಗೆ ಉಪವಾಸ ಇದ್ದರೂ ಥೈರಾಯ್ಡ್ ಮಾತ್ರೆ ನೀರಿನಲ್ಲಿ ನುಂಗಿ. ಸಕ್ಕರೆ ಕಾಯಿಲೆಯ ಮಾತ್ರೆ ಇರುವವರು ಮೊದಲೇ ಡಾಕ್ಟರನ್ನು ಕೇಳಿ. ಸಬ್ಬಕ್ಕಿ ಅಂದರೆ ಬರೀ ಪಿಷ್ಟ, ಖಿಚಡಿ ಮಾಡುವುದಾದರೆ ಶೇಂಗಾ ಜಾಸ್ತಿ ಹಾಕಿ, ಜೊತೆಗೆ ಮೊಸರು ಇರಲಿ. ಮದುವೆ ಮನೆಯಲ್ಲಿ ಹೋಳಿಗೆ ತಿನ್ನಿ, ಬೇಡ ಅನ್ನಬೇಡಿ. ಒಂದು ದಿನದ ಹೋಳಿಗೆಯಿಂದ ಏನೂ ಕೆಡುವುದಿಲ್ಲ. ದಿನಾ ಮೂರು ಲೋಟ ಕಾಫಿಯಲ್ಲಿ ಎರಡೆರಡು ಚಮಚ ಸಕ್ಕರೆ ಹಾಕುವುದೇ ಕೆಡಿಸುವುದು.

ಒಬ್ಬರಿಗೋಸ್ಕರ ಬೇರೆ ಅಡುಗೆ ಮಾಡುವ ಮನೆ ಕಮ್ಮಿ, ಅದರಲ್ಲೂ ಕಾಯಿಲೆ ಹೆಂಗಸಿಗೇ ಬಂದಾಗ. ಹಾಗಾಗಿ ಬೇರೆ ಅಡುಗೆ ಬೇಡ. ಎಲ್ಲರ ಸಾರಿಗೂ ಬೇಳೆ ದುಪ್ಪಟ್ಟು ಮಾಡಿ, ಎಲ್ಲರಿಗೂ ಪಲ್ಯ ಜಾಸ್ತಿ ಮಾಡಿ. ನಿಮ್ಮ ತಟ್ಟೆಗೆ ಮೊದಲು ಬಡಿಸಿಕೊಳ್ಳಿ, ತಳದ ಬೇಳೆ ಸೇರಿಸಿ. ಇದನ್ನು ಗಂಡಸರೂ ಓದುತ್ತಿದ್ದರೆ, ಕಾಳು ನೆನೆಹಾಕುವುದು, ಸೊಪ್ಪು ಬಿಡಿಸುವುದು ನಿಮ್ಮ ಕೆಲಸ ಅಂದುಕೊಳ್ಳಿ. ಸುಸ್ತಾಗಿರುವ ಹೆಂಡತಿಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಮತ್ತೆ ಯಾವಾಗ ಟೆಸ್ಟ್ ಮಾಡಿಸಬೇಕು

ಮಾತ್ರೆಯ ಡೋಸ್ ಬದಲಾದಾಗ, ತೆಗೆದುಕೊಳ್ಳುವ ಹೊತ್ತು ಬದಲಾದಾಗ, ಊಟ ತುಂಬಾ ಬದಲಾದಾಗ, ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಮಾಡಿಸಿ. ಅದಕ್ಕಿಂತ ಮುಂಚೆ ಮಾಡಿಸಿದರೆ ನಿಜವಾದ ಚಿತ್ರ ಸಿಗುವುದಿಲ್ಲ. ಕಾಫಿಯನ್ನು ದೂರ ಇಟ್ಟ ಮೇಲೆ, ಅಥವಾ ಸೀಲಿಯಾಕ್ ಇರುವವರ ಕರುಳು ವಾಸಿಯಾದ ಮೇಲೆ, ಹಳೆಯ ಡೋಸೇ ಜಾಸ್ತಿ ಅನ್ನಿಸಬಹುದು. ಎದೆ ಡವಡವ, ಕೈ ನಡುಕ, ನಿದ್ದೆ ಬಾರದಿರುವುದು, ಸುಮ್ನೆ ಬೆವರುವುದು ಶುರುವಾದರೆ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ನೀವೇ ಮಾತ್ರೆ ಅರ್ಧ ಮಾಡಬೇಡಿ.

ಪಿಸಿಓಎಸ್‌ನಲ್ಲಿ ಮೂರು ತಿಂಗಳಿಗೂ ಹೆಚ್ಚು ಮುಟ್ಟು ಬರದಿದ್ದರೆ ಊಟ ಸರಿ ಮಾಡುತ್ತಾ ಕೂರಬೇಡಿ, ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗುತ್ತದೆ, ಡಾಕ್ಟರಿಗೆ ತೋರಿಸಿ. ಇನ್ನು ಮಗುವಿಗೆ ಪ್ರಯತ್ನಿಸುತ್ತಿರುವ ಥೈರಾಯ್ಡ್ ರೋಗಿಗಳು ಮುಂಚೆಯೇ ಟಿಎಸ್‌ಎಚ್ ಸರಿಮಾಡಿಕೊಳ್ಳಿ. ಗರ್ಭ ನಿಂತದ್ದು ಗೊತ್ತಾದ ದಿನವೇ ಡಾಕ್ಟರಿಗೆ ಹೇಳಿ, ಮೊದಲ ವಾರಗಳಲ್ಲೇ ಮಾತ್ರೆಯ ಅಗತ್ಯ ಕಾಲು ಭಾಗದಿಂದ ಅರ್ಧದಷ್ಟು ಏರಬಹುದು. ಆ ತಿಂಗಳುಗಳಲ್ಲಿ ಯಾವುದನ್ನೂ ಬಿಡುವ ಪ್ರಯೋಗ ಬೇಡ. ಮೂರನೆಯ, ನಾಲ್ಕನೆಯ ಮತ್ತು ಐದನೆಯ ಹೆಜ್ಜೆಯನ್ನು ಮಾತ್ರ ಮುಂದುವರಿಸಿ, ಉಪ್ಪು ಅಯೋಡಿನ್ ಇರುವುದೇ ಆಗಿರಲಿ, ಕಬ್ಬಿಣದ ಮಾತ್ರೆಯನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಟ್ಟುಕೊಳ್ಳಿ.